ಏನೂ ಅನ್ನಿಸದೇ ಇದ್ದರೆ?

"ಪ್ರಾರ್ಥನೆ ಮಾಡ್ತೀನಿ, ಚರ್ಚಿಗೂ ಹೋಗ್ತೀನಿ, ಆದ್ರೆ ಒಳಗೆ ಏನೂ ಅನ್ನಿಸೋದೇ ಇಲ್ಲ. ನನ್ನದು ನಿಜವಾದ ನಂಬಿಕೆ ಅಲ್ವೇನೋ." ಈ ಮಾತನ್ನು ನೀವೂ ಎಲ್ಲೋ ಕೇಳಿರುತ್ತೀರಿ. ಹೀಗೆ ಹೇಳುವವರು ಉಡಾಫೆಯ ಜನ ಅಲ್ಲ. ಉಡಾಫೆಯವರಿಗೆ ಈ ಚಿಂತೆಯೇ ಹತ್ತುವುದಿಲ್ಲ. ಬೆಳಗ್ಗೆ ಎದ್ದು ಸತ್ಯವೇದ ಓದುವವರು, ಭಾನುವಾರ ತಪ್ಪಿಸದವರು, ಪಾಪ ಅಂದರೆ ನಿಜವಾಗಿ ಹೆದರುವವರು, ಅಂಥವರೇ ಇದನ್ನು ಕೇಳುತ್ತಾರೆ. ಅವರಿಗೆ ಸಿಗುವ ಉತ್ತರವೂ ಹೆಚ್ಚಾಗಿ ಒಂದೇ. ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಿ, ಅನುಭವ ಆಗುತ್ತದೆ.

ಹದಿನಾರನೇ ಶತಮಾನದಲ್ಲಿ ಜರ್ಮನಿಯಲ್ಲಿ ಚರ್ಚಿನ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಈ ಉತ್ತರ ಕೊಡಲಿಲ್ಲ. 1529ರಲ್ಲಿ ಬರೆದ ದೊಡ್ಡ ಕ್ಯಾಟೆಕಿಸಂ ಅನ್ನುವ ಬೋಧನೆಯ ಪುಸ್ತಕದಲ್ಲಿ, ಕರ್ತನ ಭೋಜನದ, ಅಂದರೆ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರದ, ಭಾಗದಲ್ಲಿ, ಅವರು ಇಂಥ ಒಬ್ಬನನ್ನು ಎದುರಿಗೆ ಕೂರಿಸಿಕೊಂಡವರಂತೆ ಮಾತಾಡುತ್ತಾರೆ. ನನಗೆ ನನ್ನ ಪಾಪದ ಅರಿವೇ ಆಗುತ್ತಿಲ್ಲ, ಹಸಿವೂ ಇಲ್ಲ, ಬಾಯಾರಿಕೆಯೂ ಇಲ್ಲ, ಹೀಗಿರುವಾಗ ಭೋಜನಕ್ಕೆ ಹೋಗುವುದು ಹೇಗೆ ಅನ್ನುತ್ತಾನೆ ಅವನು. ಲೂಥರ್ ಉತ್ತರದ ಸಾರಾಂಶ ಇಷ್ಟು: ಎದೆಗೆ ಕೈ ಹಾಕಿ ನೋಡಿಕೋ, ನೀನು ಇನ್ನೂ ರಕ್ತಮಾಂಸದವನೇ ತಾನೇ? ಹೌದು ಅಂತಾದರೆ ಗಲಾತ್ಯದವರಿಗೆ ಬರೆದ ಪತ್ರಿಕೆ ತೆಗೆದು ಓದು, ರಕ್ತಮಾಂಸದಿಂದ ಏನೇನು ಹುಟ್ಟುತ್ತದೆ ಅಂತ ಅಲ್ಲಿದೆ. ನಿನಗೆ ಅನ್ನಿಸದಿದ್ದರೆ ಹೋಗಲಿ, ವಾಕ್ಯವನ್ನಾದರೂ, ಅಂದರೆ ಸತ್ಯವೇದದ ಮಾತನ್ನಾದರೂ, ನಂಬು.

ನನಗೆ ಇದು ತುಂಬಾ ಇಷ್ಟ. ಒಳ್ಳೆಯ ಭಾವನೆ ಬರದಿದ್ದರೆ ಚಿಂತೆ ಬೇಡ ಅಂತ ಯಾರಾದರೂ ಹೇಳಿಯಾರು. ಲೂಥರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪಾಪಿ ಅಂತ ಅನ್ನಿಸುವುದಕ್ಕೂ ಕಾಯಬೇಡ, ಅದನ್ನೂ ವಾಕ್ಯದ ಮಾತಿನ ಮೇಲೆ ಒಪ್ಪಿಕೋ ಅನ್ನುತ್ತಾರೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ನೀತೀಕರಣ ಅಂದರೆ ದೇವರು ಪಾಪಿಯನ್ನು ನೀತಿವಂತ ಅಂತ ನಿರ್ಣಯಿಸುವುದು. 1530ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಎದುರು ಲೂಥರ್ ಕಡೆಯವರು ಓದಿದ ವಿಶ್ವಾಸ ಪ್ರಕಟಣೆಯ ನಾಲ್ಕನೇ ವಿಧಿಯಲ್ಲಿ ಇದು ಇದೆ: ಮನುಷ್ಯ ತನ್ನ ಶಕ್ತಿಯಿಂದಾಗಲಿ ಕ್ರಿಯೆಗಳಿಂದಾಗಲಿ ಅಲ್ಲ, ಕ್ರಿಸ್ತನ ನಿಮಿತ್ತ, ನಂಬಿಕೆಯ ಮೂಲಕ, ಉಚಿತವಾಗಿ ನೀತಿವಂತ ಅನ್ನಿಸಿಕೊಳ್ಳುತ್ತಾನೆ. ಇಲ್ಲಿಯವರೆಗೆ ಲೂಥರನ್ನರಲ್ಲಿ ತಕರಾರಿಲ್ಲ. ತಕರಾರು ಶುರುವಾಗುವುದು ಇದರ ಮುಂದಿನ ಪ್ರಶ್ನೆಯಲ್ಲಿ. ಈ ನಿರ್ಣಯ ನನ್ನ ವಿಷಯದಲ್ಲೂ ಆಗಿದೆ ಅಂತ ನನಗೆ ಗೊತ್ತಾಗುವುದು ಹೇಗೆ? ನಾನು ಎಲ್ಲಿ ನೋಡಬೇಕು, ನನ್ನ ಒಳಗಾ, ಹೊರಗಾ?

ಲೂಥರ್ ಒಳಗೆ ನೋಡಿ ನೋಡಿ ಸುಸ್ತಾಗಿದ್ದವರು. 1505ರಲ್ಲಿ ಎರ್ಫುರ್ಟ್‌ನ ಮಠ ಸೇರಿದ ಮೇಲೆ ಗಂಟೆಗಟ್ಟಲೆ ಪಾಪನಿವೇದನೆ, ಅಂದರೆ ಯಾಜಕನ ಮುಂದೆ ತಮ್ಮ ಪಾಪಗಳನ್ನು ಹೇಳಿಕೊಳ್ಳುವುದನ್ನು, ಮಾಡುತ್ತಿದ್ದರು. ಮುಗಿಸಿ ಬಂದ ಮೇಲೆ ಮತ್ತೊಂದು ನೆನಪಾಗುತ್ತಿತ್ತು. ಅವರ ಮೇಲಧಿಕಾರಿಯಾಗಿದ್ದ ಯೋಹಾನ್ ಫಾನ್ ಸ್ಟಾಪಿಟ್ಸ್ ಬೇಸರಪಟ್ಟುಕೊಂಡರೂ ಬಿಟ್ಟುಕೊಡಲಿಲ್ಲ, ನಿನ್ನನ್ನು ನೋಡಿಕೊಳ್ಳಬೇಡ, ಕ್ರಿಸ್ತನ ಗಾಯಗಳನ್ನು ನೋಡು ಅಂತ ತಿರುತಿರುಗಿ ಹೇಳಿದರು. ಆ ಕಾಲದ ಪಾಪನಿವೇದನೆಯಲ್ಲಿ ಒಂದು ಸಿಕ್ಕು ಇತ್ತು. ಕ್ಷಮೆ ಸಿಗಬೇಕಾದರೆ ಪಶ್ಚಾತ್ತಾಪ ಸಾಚಾ ಇರಬೇಕು. ಅದು ಸಾಚಾ ಹೌದೋ ಅಲ್ಲವೋ ಅಂತ ಹೇಳುವವರು ಯಾರು? ನನ್ನದೇ ಮನಸ್ಸು ಹೇಳಬೇಕು. ಆ ಮನಸ್ಸನ್ನು ನಂಬುವುದು ಹೇಗೆ?

1518ರ ಅಕ್ಟೋಬರ್‌ನಲ್ಲಿ ಪೋಪರ ಪ್ರತಿನಿಧಿ ಕಾರ್ಡಿನಲ್ ಕಾಯೆಟಾನ್ ಲೂಥರ್ ಅವರನ್ನು ಆಗ್ಸ್‌ಬರ್ಗ್‌ಗೆ ಕರೆಸಿ ವಿಚಾರಿಸಿದಾಗ ಈ ವಿಷಯವೂ ಎದ್ದಿತು. ಯಾಜಕ ಕ್ಷಮೆ ಘೋಷಿಸಿದರೆ, ನನ್ನ ಪಶ್ಚಾತ್ತಾಪ ಎಷ್ಟಿದೆ ಅಂತ ಅಳೆಯದೆ, ಕ್ರಿಸ್ತನ ಆ ಮಾತಿನ ಮೇಲೆ ನನಗೆ ಕ್ಷಮೆ ಸಿಕ್ಕಿತು ಅಂತ ನಿಶ್ಚಯವಾಗಿ ನಂಬಬೇಕು ಅಂದರು ಲೂಥರ್. ಇದು ಹೊಸ ಸಭೆಯನ್ನೇ (ಚರ್ಚನ್ನೇ) ಕಟ್ಟಿದ ಹಾಗೆ ಅಂತ ಕಾಯೆಟಾನ್ ಬರೆದಿಟ್ಟರು. ಮನುಷ್ಯ ಚುರುಕು. ಲೂಥರ್ ಎಲ್ಲಿಗೆ ಹೊರಟಿದ್ದಾರೆ ಅಂತ ಲೂಥರ್‌ಗಿಂತ ಮೊದಲೇ ಅವರಿಗೆ ಕಂಡಿತ್ತು.

ಮುಂದೆ ಗಲಾತ್ಯ ಪತ್ರಿಕೆಯ ವ್ಯಾಖ್ಯಾನದಲ್ಲಿ, ಅದು ಅಚ್ಚಾದದ್ದು 1535ರಲ್ಲಿ, ಲೂಥರ್ ಇದನ್ನು ಇನ್ನೂ ನೇರವಾಗಿ ಹೇಳುತ್ತಾರೆ. ನಮ್ಮ ಬೋಧನೆ ಯಾಕೆ ನಿಶ್ಚಯವಾದದ್ದು? ಅದು ನಮ್ಮನ್ನು ನಮ್ಮಿಂದಲೇ ಕಿತ್ತುಕೊಂಡು ನಮ್ಮ ಹೊರಗೆ ನಿಲ್ಲಿಸುತ್ತದೆ, ನಮ್ಮ ಶಕ್ತಿ, ಮನಸ್ಸಾಕ್ಷಿ, ಅನುಭವ, ಕ್ರಿಯೆ ಯಾವುದರ ಮೇಲೂ ಒರಗಲು ಬಿಡದೆ ದೇವರ ವಾಗ್ದಾನದ ಮೇಲೆ ಒರಗಿಸುತ್ತದೆ, ಅದಕ್ಕೆ. ಆ ಪಟ್ಟಿಯಲ್ಲಿ ಮನಸ್ಸಾಕ್ಷಿ, ಅನುಭವ ಎರಡೂ ಇವೆ, ನೋಡಿ.

ಹಾಗಂತ ಲೂಥರ್ ಭಾವನೆ ಇಲ್ಲದ ಮನುಷ್ಯ ಅಂದುಕೊಳ್ಳಬೇಡಿ. ಅಳು, ಸಿಟ್ಟು, ಹಾಡು, ಬೈಗುಳ ಎಲ್ಲ ಜೋರು. ರೋಮಾಪುರದವರ ಪತ್ರಿಕೆಯ 1:17 ಅರ್ಥವಾದ ದಿನ ತಾನು ಮತ್ತೆ ಹುಟ್ಟಿದ ಹಾಗೆ, ತೆರೆದ ಬಾಗಿಲಿನಿಂದ ಪರದೈಸಿಗೆ ಹೋದ ಹಾಗೆ ಅನ್ನಿಸಿತು ಅಂತ 1545ರಲ್ಲಿ ಅವರೇ ನೆನೆಯುತ್ತಾರೆ. ಅಂದರೆ ಅನುಭವ ಬಂತು. ಆದರೆ ವಾಕ್ಯ ಮೊದಲು, ಅನುಭವ ಅದರ ಹಿಂದೆ. ನನಗೆ ಹೀಗೆ ಅನ್ನಿಸಿದೆ, ಆದ್ದರಿಂದ ನಾನು ನೀತಿವಂತ ಅಂತ ಅವರು ಎಲ್ಲೂ ವಾದ ಹೂಡಲಿಲ್ಲ.

ಈ ಕ್ರಮ ತಿರುಗಿದರೆ ಏನಾಗುತ್ತದೆ ಅಂತ ಅವರು ಊರಲ್ಲೇ ನೋಡಿದರು. 1521ರ ಡಿಸೆಂಬರ್‌ನಲ್ಲಿ ತ್ಸ್ವಿಕಾವ್ ಅನ್ನುವ ಊರಿನಿಂದ ನಿಕೊಲಾಸ್ ಸ್ಟೋರ್ಖ್ ಮತ್ತು ಇನ್ನಿಬ್ಬರು ವಿಟೆನ್‌ಬರ್ಗ್‌ಗೆ ಬಂದರು. ದೇವರು ನಮ್ಮ ಹತ್ತಿರ ನೇರವಾಗಿ ಮಾತಾಡುತ್ತಾನೆ ಅಂದರು. ಆಗ ಲೂಥರ್ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದರು. ಊರಲ್ಲಿದ್ದ ಅವರ ಜೊತೆಗಾರ ಮೆಲಾಂಕ್ಟನ್‌ಗೆ ಏನು ಹೇಳಬೇಕೋ ತಿಳಿಯಲಿಲ್ಲ. ಊರು ಗಲಿಬಿಲಿಯಾಯಿತು, 1522ರ ಮಾರ್ಚ್‌ನಲ್ಲಿ ಲೂಥರ್ ಜೀವದ ಹಂಗು ಬಿಟ್ಟು ವಾಪಸ್ ಬಂದು ಒಂದರ ಹಿಂದೆ ಒಂದು ಎಂಟು ಪ್ರಸಂಗ ಮಾಡಿ ಅದನ್ನು ತಣ್ಣಗಾಗಿಸಿದರು. ಒಂದು ಕಾಲದ ಜೊತೆಗಾರ ಕಾರ್ಲ್‌ಸ್ಟಾಟ್ ಬಗ್ಗೆ 1525ರಲ್ಲಿ ಬರೆಯುವಾಗ, ಈತ ಪವಿತ್ರಾತ್ಮನನ್ನು ರೆಕ್ಕೆಪುಕ್ಕದ ಸಮೇತ ನುಂಗಿದವನು ಅಂತ ಗೇಲಿ ಮಾಡಿದರು. ಗೇಲಿ ಅತಿಯಾಯಿತು, ಕಾರ್ಲ್‌ಸ್ಟಾಟ್ ಅಷ್ಟು ಹಗುರವಾದ ಮನುಷ್ಯ ಅಲ್ಲ. ಆದರೆ ಲೂಥರ್ ಬರೆದ ನಂಬಿಕೆಯ ಹೇಳಿಕೆಯಾದ 1537ರ ಶ್ಮಾಲ್ಕಾಲ್ಡ್ ವಿಧಿಗಳಲ್ಲಿ ಇದೇ ವಿಚಾರ ಗಂಭೀರವಾಗಿ ಬರುತ್ತದೆ. ಹೊರಗಿನ ವಾಕ್ಯವನ್ನು ಬಿಟ್ಟು ಒಳಗಿನ ದನಿಯನ್ನು ಹಿಡಿಯುವ ರೋಗ ಆದಾಮನಿಂದಲೇ ಬಂದದ್ದು, ಎಲ್ಲರಲ್ಲೂ ಇದೆ ಅನ್ನುತ್ತಾರೆ. ಪೋಪರನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತಾರೆ! ಎಲ್ಲ ಹಕ್ಕು ತನ್ನ ಎದೆಯಲ್ಲೇ ಇದೆ ಅನ್ನುವವನು ಬೇರೆ ಯಾರು ಅಂತ.

ಲೂಥರ್ ಸತ್ತ ನಂತರ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಬಂತು. ಕೋನಿಗ್ಸ್‌ಬರ್ಗ್‌ನಲ್ಲಿ ಲೂಥರನ್ ಪಂಡಿತ ಆಂಡ್ರಿಯಾಸ್ ಓಸಿಯಾಂಡರ್, ಕ್ರಿಸ್ತನ ದೈವಸ್ವಭಾವ ನಮ್ಮೊಳಗೆ ವಾಸಿಸುವುದೇ ನಮ್ಮ ನೀತಿ ಅಂತ 1550ರ ಹೊತ್ತಿಗೆ ಕಲಿಸಿದರು. ಕೇಳಲು ಚೆನ್ನಾಗಿದೆ. ಆದರೆ ನನ್ನೊಳಗೆ ವಾಸಿಸುವುದರ ಮೇಲೆ ತೀರ್ಪು ನಿಂತರೆ, ನಾನು ಮತ್ತೆ ಒಳಗೆ ಇಣುಕಲೇಬೇಕು. ಸಾಮಾನ್ಯವಾಗಿ ಒಬ್ಬರಿಗೊಬ್ಬರು ಆಗದ ಮೆಲಾಂಕ್ಟನ್ ಮತ್ತು ಇನ್ನೊಬ್ಬ ಲೂಥರನ್ ಪಂಡಿತ ಫ್ಲಾಸಿಯಸ್ ಇಬ್ಬರೂ ಓಸಿಯಾಂಡರ್ ವಿರುದ್ಧ ಒಂದಾದರು ಅಂದರೆ ವಿಷಯ ಎಷ್ಟು ದೊಡ್ಡದು ನೋಡಿ. ಲೂಥರನ್ನರ ನಂಬಿಕೆಯ ದಾಖಲೆಯಾದ 1577ರ ಒಪ್ಪಂದ ಸೂತ್ರದ ಮೂರನೇ ವಿಧಿ ಈ ಜಗಳ ತೀರಿಸಲು ಬಂದದ್ದು. ಅದೇ ಸೂತ್ರದ ಎರಡನೇ ವಿಧಿಯಲ್ಲಿ ಸ್ಪಷ್ಟವಾಗಿ ಇದೆ: ಪವಿತ್ರಾತ್ಮನು ಕೆಲಸ ಮಾಡುತ್ತಿದ್ದಾನೋ ಇಲ್ಲವೋ ಅಂತ ಮನಸ್ಸಿಗೆ ಅನ್ನಿಸುವುದರಿಂದ ಯಾವಾಗಲೂ ತೀರ್ಮಾನಿಸಲಾಗದು. ಆ ಕೆಲಸ ಎಷ್ಟೋ ಸಲ ಮರೆಯಲ್ಲಿ, ದೊಡ್ಡ ಬಲಹೀನತೆಯ ನಡುವೆ ನಡೆಯುತ್ತದೆ. ವಾಗ್ದಾನದಿಂದ ನಿಶ್ಚಯ ಪಡಿ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮುಂದಿನ ನೂರು ವರ್ಷದಲ್ಲಿ ಸಿದ್ಧಾಂತ ಸರಿಯಾಗಿಯೇ ಇತ್ತು, ಎಷ್ಟೋ ಸಭೆಗಳು ಮಂಕಾಗಿದ್ದವು. ಆಗ ಒಳಗಿನ ಜೀವಂತ ಭಕ್ತಿಗೆ ಒತ್ತು ಕೊಡುವ ಪಯಟಿಸಂ ಚಳವಳಿ ಬಂತು, 1675ರಲ್ಲಿ ಪಾದ್ರಿ ಸ್ಪೇನರ್, ಅವರ ಹಿಂದೆ ಆಗಸ್ಟ್ ಹರ್ಮಾನ್ ಫ್ರಾಂಕೆ. ಫ್ರಾಂಕೆಯ ಕಥೆ ಮನಸ್ಸಿಗೆ ತಟ್ಟುವಂಥದ್ದು. 1687ರಲ್ಲಿ ಲ್ಯೂನೆಬರ್ಗ್‌ನಲ್ಲಿ ಅವರು ಯೋಹಾನ 20:31ರ ಮೇಲೆ ಪ್ರಸಂಗ ಮಾಡಬೇಕಿತ್ತು. ತಯಾರಿ ಮಾಡುತ್ತಾ ಮಾಡುತ್ತಾ, ನಾನು ಯಾವ ನಂಬಿಕೆಯ ಬಗ್ಗೆ ಮಾತಾಡಬೇಕೋ ಅದು ನನ್ನಲ್ಲೇ ಇಲ್ಲ ಅಂತ ಅವರಿಗೆ ಹೊಳೆಯಿತು. ದೇವರಿದ್ದಾನಾ ಅನ್ನುವವರೆಗೆ ಅನುಮಾನ ಹೋಯಿತು. ಮೊಣಕಾಲೂರಿ ಪ್ರಾರ್ಥಿಸಿದರು, ಅಂಗೈ ತಿರುಗಿಸುವಷ್ಟರಲ್ಲಿ ಅನುಮಾನ ಮಾಯವಾಯಿತು. ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಆ ಮನುಷ್ಯ ಜರ್ಮನಿಯ ಹಾಲೆ ಅನ್ನುವ ಊರಿನಲ್ಲಿ ಅನಾಥಾಲಯ, ಶಾಲೆಗಳನ್ನು ಕಟ್ಟಿದ್ದನ್ನು ನೋಡಿದರೆ ಇನ್ನೂ ಹೆಚ್ಚು.

ತೊಂದರೆ ಆದದ್ದು ಆಮೇಲೆ. ಒಬ್ಬರಿಗೆ ಆದದ್ದು ಎಲ್ಲರಿಗೂ ಅಳತೆಗೋಲಾಯಿತು. ಮೊದಲು ಪಾಪದ ಭಾರಕ್ಕೆ ಕುಸಿಯಬೇಕು, ಹೋರಾಡಬೇಕು, ಆಮೇಲೆ ಒಂದು ಗಳಿಗೆಯಲ್ಲಿ ಬಿಡುಗಡೆ ಅನ್ನಿಸಬೇಕು. ಹಾಲೆಯ ಶಾಲೆಯಲ್ಲೇ ಓದಿದ ಸಿಂಟ್ಸೆಂಡಾರ್ಫ್‌ಗೆ ಈ ಹೋರಾಟ ಆಗಿರಲಿಲ್ಲ. ಚಿಕ್ಕಂದಿನಿಂದ ಯೇಸುವನ್ನು ಪ್ರೀತಿಸಿ ಬೆಳೆದವರು ಅವರು. ಅದಕ್ಕೇ ಹಾಲೆಯವರಿಗೆ ಅವರ ಮೇಲೆ ಅನುಮಾನ. ಇಂಥದ್ದನ್ನೆಲ್ಲ ಎದುರಿಸಿ ಡ್ರೆಸ್ಡೆನ್‌ನ ಲೂಥರನ್ ಪಾದ್ರಿ ಲೋಷರ್ ಬರೆದರು, ಆದರೆ ಗಾಳಿ ಆಗ ಅವರ ಕಡೆ ಇರಲಿಲ್ಲ.

ಈ ಅಳತೆಗೋಲು ಒಬ್ಬ ಹುಡುಗನನ್ನು ಏನು ಮಾಡಬಹುದು ಅಂತ ತಿಳಿಯಲು ವಾಲ್ಥರ್ ಕಥೆ ಓದಬೇಕು. ಸಿ. ಎಫ್. ಡಬ್ಲ್ಯು. ವಾಲ್ಥರ್, 1811ರಲ್ಲಿ ಸ್ಯಾಕ್ಸನಿಯಲ್ಲಿ ಹುಟ್ಟಿದವರು, ಪಾದ್ರಿಯ ಮಗ. ಹದಿನೆಂಟರ ಸುಮಾರಿಗೆ ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿನ ಪ್ರಾಧ್ಯಾಪಕರಲ್ಲಿ ಹೆಚ್ಚಿನವರು ಬರೀ ತರ್ಕದವರು. ಹಾಗಾಗಿ ಅಣ್ಣನ ಜೊತೆ ವಿದ್ಯಾರ್ಥಿಗಳ ಒಂದು ಪ್ರಾರ್ಥನಾ ಕೂಟ ಸೇರಿದರು. ಮೊದಮೊದಲು ಸಂತೋಷವಾಗಿತ್ತು. ಆಮೇಲೆ ಅಲ್ಲಿಗೆ ಹಿರಿಯನೊಬ್ಬ ಬಂದ, ನೀವಿನ್ನೂ ನಿಜವಾದ ಕ್ರೈಸ್ತರಲ್ಲ, ಪಾಪದ ಭಯವನ್ನು ನನ್ನಷ್ಟು ಅನುಭವಿಸಿಲ್ಲ ಅಂದ. ನಂಬಿಕೆಗೆ ಕರೆಯುವ ಪುಸ್ತಕಗಳಿಗಿಂತ ಮನಸ್ಸನ್ನು ಪುಡಿಪುಡಿ ಮಾಡುವ ಪುಸ್ತಕಗಳೇ ಒಳ್ಳೆಯವು ಅಂತ ಆಗ ತಮಗೆ ಅನ್ನಿಸುತ್ತಿತ್ತು ಅಂತ ವಾಲ್ಥರ್ ಮುಂದೆ ನೆನೆದಿದ್ದಾರೆ. ಜ್ವರ ಇಳಿಯಿತಾ ಅಂತ ಗಳಿಗೆಗೊಮ್ಮೆ ಥರ್ಮಾಮೀಟರ್ ಇಟ್ಟುಕೊಳ್ಳುವವರ ಹಾಗೆ, ಆ ಹುಡುಗ ತನ್ನ ದುಃಖ ಸಾಕಷ್ಟಾಯಿತಾ ಅಂತ ನೋಡಿಕೊಳ್ಳುತ್ತಲೇ ಇದ್ದ. ಎಷ್ಟಾದರೂ ಸಾಕಾಗಲಿಲ್ಲ. ದೇಹವೂ ಸೋತಿತು. ಕಾಯಿಲೆ ಬಿದ್ದು ಓದು ನಿಲ್ಲಿಸಿ ಮನೆಗೆ ಹೋಗಬೇಕಾಯಿತು. ಅಲ್ಲಿ ಅಪ್ಪನ ಕಪಾಟಿನಲ್ಲಿದ್ದ ಲೂಥರ್ ಬರಹಗಳನ್ನು ಓದುತ್ತಾ ಕೂತರು.

ಆ ದಿನಗಳಲ್ಲಿ ಡ್ರೆಸ್ಡೆನ್‌ನ ಪಾದ್ರಿ ಮಾರ್ಟಿನ್ ಸ್ಟೆಫಾನ್‌ಗೆ ವಾಲ್ಥರ್ ಪತ್ರ ಬರೆದಿದ್ದರು. ಉತ್ತರ ಬಂದಾಗ ಒಡೆಯಲೂ ಭಯ. ಇದು ಸುಳ್ಳು ಸಮಾಧಾನವಾಗಿದ್ದರೆ ನನ್ನನ್ನು ಕಾಪಾಡು ಅಂತ ಮೊದಲು ಪ್ರಾರ್ಥಿಸಿದರಂತೆ. ಯಾವ ಮಟ್ಟಕ್ಕೆ ಹೆದರಿದ್ದರು ನೋಡಿ, ಸಮಾಧಾನ ಅಂದರೇ ಭಯ! ಪತ್ರದ ತಿರುಳು ಇಷ್ಟೇ: ನೀನು ಹುಡುಕುತ್ತಿರುವ ಪಶ್ಚಾತ್ತಾಪ ನಿನಗೆ ಯಾವತ್ತೋ ಆಗಿದೆ, ನಿನಗೆ ಬೇಕಾಗಿರುವುದು ನಂಬಿಕೆ. ಓದಿದಾಗ ನರಕದಿಂದ ಸ್ವರ್ಗಕ್ಕೆ ಬಂದ ಹಾಗಾಯಿತು ವಾಲ್ಥರ್‌ಗೆ.

ಕಥೆ ಇಲ್ಲಿಗೆ ನಿಂತಿದ್ದರೆ ಸುಮ್ನೆ ಒಂದು ಒಳ್ಳೆಯ ಸಾಕ್ಷಿ ಆಗುತ್ತಿತ್ತು. ನಿಲ್ಲಲಿಲ್ಲ. 1838ರ ಕೊನೆಯಲ್ಲಿ ಇದೇ ಸ್ಟೆಫಾನ್ ಹಿಂದೆ ನೂರಾರು ಸ್ಯಾಕ್ಸನ್ನರು ಐದು ಹಡಗುಗಳಲ್ಲಿ ಅಮೆರಿಕಕ್ಕೆ ಹೊರಟರು. ವಾಲ್ಥರ್ ಅವರಲ್ಲಿ ಒಬ್ಬರು. ಒಂದು ಹಡಗು, ಅಮಾಲಿಯಾ, ಸಮುದ್ರದಲ್ಲೇ ಕಾಣೆಯಾಯಿತು. ದಾರಿಯಲ್ಲೇ ಸ್ಟೆಫಾನ್ ತಮ್ಮನ್ನು ಬಿಷಪ್ ಮಾಡಿಸಿಕೊಂಡರು. ಮಿಸೌರಿಗೆ ಬಂದು ಕೆಲವೇ ತಿಂಗಳಲ್ಲಿ, 1839ರಲ್ಲಿ, ಹೆಂಗಸರ ವಿಷಯದಲ್ಲಿ ತಪ್ಪು ನಡತೆ ಮತ್ತು ಹಣದ ದುರುಪಯೋಗದ ಆರೋಪದ ಮೇಲೆ ಜನ ಅವರನ್ನು ಪದವಿಯಿಂದ ಇಳಿಸಿ ಮಿಸಿಸಿಪ್ಪಿ ನದಿಯ ಆಚೆ ದಡಕ್ಕೆ ಸಾಗಹಾಕಿದರು.

ಈಗ ಯೋಚಿಸಿ. ನಿನಗೆ ಕ್ಷಮೆ ಇದೆ ಅಂತ ಹೇಳಿದ ಮನುಷ್ಯನೇ ಹೀಗಾದರೆ? ಆ ಸಮಾಧಾನವೂ ಸುಳ್ಳಾ? ವಲಸೆ ಬಂದವರಿಗೆ ತಲೆ ಕೆಟ್ಟಿತು. ನಾವು ಸಭೆಯೇ ಹೌದಾ, ನಮ್ಮ ಪಾದ್ರಿಗಳು ಪಾದ್ರಿಗಳೇ ಹೌದಾ, ಅವರು ಕೊಟ್ಟ ದೀಕ್ಷಾಸ್ನಾನ ನಿಲ್ಲುತ್ತದಾ ಅಂತ. 1841ರ ಏಪ್ರಿಲ್‌ನಲ್ಲಿ ಆಲ್ಟೆನ್‌ಬರ್ಗ್ ಅನ್ನುವ ಹಳ್ಳಿಯಲ್ಲಿ ಚರ್ಚೆ ನಡೆಯಿತು. ವಾಲ್ಥರ್ ಎದ್ದು ನಿಂತು, ವಾಕ್ಯ ಮತ್ತು ಸಂಸ್ಕಾರಗಳು (ದೀಕ್ಷಾಸ್ನಾನ, ಕರ್ತನ ಭೋಜನ) ಇರುವಲ್ಲಿ ಸಭೆ ಇದೆ, ಅದು ಒಬ್ಬ ಬಿಷಪ್‌ನ ಮೇಲೆ ನಿಂತಿಲ್ಲ ಅಂತ ವಾದಿಸಿದರು. ಲೈಪ್‌ಜಿಗ್‌ನಲ್ಲಿ ತನ್ನ ಪಶ್ಚಾತ್ತಾಪದ ಮೇಲೆ ಒರಗಲು ಹೋಗಿ ಬಿದ್ದವರು, ಈಗ ಸಮಾಧಾನ ಹೇಳಿದವನ ಯೋಗ್ಯತೆಯ ಮೇಲೂ ಒರಗಬಾರದು ಅಂತ ಕಂಡುಕೊಂಡರು. ಈ ಎರಡನೇ ಪಾಠ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಇಷ್ಟದ ಪ್ರಸಂಗಿ ಹಾಳಾದಾಗ ನಂಬಿಕೆಯನ್ನೇ ಬಿಟ್ಟವರು ಎಷ್ಟು ಜನ ಇಲ್ಲ!

1884–85ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಮುದುಕ ವಾಲ್ಥರ್ ಶುಕ್ರವಾರ ಸಂಜೆಗಳಲ್ಲಿ ವಿದ್ಯಾರ್ಥಿಗಳಿಗೆ ಧರ್ಮಶಾಸ್ತ್ರ ಮತ್ತು ಸುವಾರ್ತೆಯ ಬಗ್ಗೆ, ಅಂದರೆ ವಾಕ್ಯದಲ್ಲಿ ದೇವರ ಆಜ್ಞೆ ಯಾವುದು, ಕ್ಷಮೆಯ ವಾಗ್ದಾನ ಯಾವುದು ಅಂತ ವಿಂಗಡಿಸುವ ಬಗ್ಗೆ, ಉಪನ್ಯಾಸ ಕೊಟ್ಟರು. ಒಟ್ಟು 25 ಸೂತ್ರ. ಒಂಬತ್ತನೆಯದು ಅವರ ಸ್ವಂತ ಗಾಯದಿಂದ ಬಂದದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಪಾಪದ ಭಯದಲ್ಲಿ ಬಿದ್ದವರಿಗೆ ವಾಕ್ಯ ಮತ್ತು ಸಂಸ್ಕಾರಗಳನ್ನು ತೋರಿಸದೆ, ದೇವರು ನಿನ್ನನ್ನು ಸ್ವೀಕರಿಸಿದ ಅಂತ ಅನ್ನಿಸುವ ತನಕ ಪ್ರಾರ್ಥಿಸುತ್ತಾ ಹೋರಾಡುತ್ತಾ ಇರು ಅಂತ ಹೇಳುವುದು ವಾಕ್ಯವನ್ನು ತಪ್ಪಾಗಿ ವಿಂಗಡಿಸಿದ ಹಾಗೆ. ಈ ಒಂದು ಸೂತ್ರಕ್ಕೆ ಅವರು ಹಲವು ಸಂಜೆಗಳನ್ನು ಕೊಟ್ಟರು.

ಇದೇ ಅಮೆರಿಕದಲ್ಲಿ ನಾರ್ವೆಯಿಂದ ಬಂದ ಲೂಥರನ್ನರು 1861ರಿಂದ ಇನ್ನೊಂದು ಮೂಲೆಯಿಂದ ಕಿತ್ತಾಡಿದರು. ಪಾದ್ರಿ ನಿಂತು "ನಿಮ್ಮ ಪಾಪಗಳು ಕ್ಷಮಿಸಲ್ಪಟ್ಟಿವೆ" ಅಂದಾಗ, ಕೇಳುವ ಎಲ್ಲರಿಗೂ ಕ್ಷಮೆ ನಿಜವಾಗಿ ಕೊಟ್ಟ ಹಾಗಾ, ನಂಬಿದವರಿಗೆ ಮಾತ್ರವಾ? ಒಂದು ಕಡೆಯವರು ಅಂದರು, ಕ್ರಿಸ್ತನಲ್ಲಿ ದೇವರು ಲೋಕವನ್ನೇ ಆಗಲೇ ಬಿಡುಗಡೆ ಮಾಡಿದ್ದಾನೆ, ಕ್ಷಮೆ ಇದೆ, ನಂಬಿಕೆ ಅದನ್ನು ಹಿಡಿಯುವ ಕೈ ಅಷ್ಟೇ. ಇನ್ನೊಂದು ಕಡೆಯವರಿಗೆ ಭಯ, ಹಾಗಾದರೆ ನಂಬಿಕೆ ಯಾಕೆ ಬೇಕು, ನಂಬದವರೂ ನೀತಿವಂತರಾ ಅಂತ. ಈ ಜಗಳ ಇವತ್ತಿಗೂ ಮುಗಿದಿಲ್ಲ. ಭಯಪಟ್ಟವರ ಮಾತಿನಲ್ಲಿ ತೂಕ ಇಲ್ಲ ಅಂತ ನಾನು ಹೇಳಲಾರೆ. ಆದರೆ ನನ್ನ ಒಲವು ಮೊದಲನೆಯವರ ಕಡೆ. ಹಿಡಿಯಲು ಮೊದಲೇ ಏನಾದರೂ ಇರಬೇಕಲ್ವಾ? ನಾನು ನಂಬಿದ ಮೇಲೆ ಮಾತ್ರ ಕ್ಷಮೆ ಹುಟ್ಟುತ್ತದೆ ಅಂದರೆ, ನನ್ನ ನಂಬಿಕೆ ಗಟ್ಟಿಯಾ ಅಂತ ನೋಡಿಕೊಳ್ಳುವ ಹೊಸ ಕಾಟ ಶುರು. ಲೂಥರ್ 1528ರಲ್ಲೇ ಮರುದೀಕ್ಷಾಸ್ನಾನದ ಬಗ್ಗೆ ಬರೆಯುವಾಗ ಇದನ್ನು ಕಂಡಿದ್ದರು. ದೀಕ್ಷಾಸ್ನಾನಕ್ಕೆ ನಂಬಿಕೆ ಸೇರಬೇಕು ನಿಜ, ಆದರೆ ದೀಕ್ಷಾಸ್ನಾನವನ್ನು ನಂಬಿಕೆಯ ಮೇಲೆ ಕಟ್ಟಬಾರದು ಅಂದರು.

ಇದೆಲ್ಲ ಜರ್ಮನಿ, ಅಮೆರಿಕದ ಕಥೆ, ನಮಗೇನು ಅನ್ನಬಹುದು. ದಕ್ಷಿಣ ಭಾರತಕ್ಕೆ ಲೂಥರನ್ ಬೋಧನೆ ಬಂದದ್ದೇ ಹಾಲೆಯ ದಾರಿಯಲ್ಲಿ. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಸೀಗನ್‌ಬಾಲ್ಗ್ ಮತ್ತು ಪ್ಲ್ಯುಟ್ಶಾವ್ ಆ ಬಳಗದವರು. ಕರಾವಳಿಗೆ ಬಂದ ಬಾಸೆಲ್ ಮಿಷನ್ ಪೂರ್ತಿ ಲೂಥರನ್ ಅಲ್ಲ, ಅದರಲ್ಲಿ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡವಾದ ರಿಫಾರ್ಮ್ಡ್ ಜನರೂ ಇದ್ದರು. ಆದರೆ ಅದರ ಬೇರು ಹೋಗುವುದು ವ್ಯುರ್ಟೆಂಬರ್ಗ್‌ನ ಪಯಟಿಸ್ಟ್ ಹಳ್ಳಿಗಳಿಗೆ. 1834ರಲ್ಲಿ ಮಂಗಳೂರಿಗೆ ಬಂದ ಸಾಮುಯೆಲ್ ಹೆಬಿಕ್, 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್, ಇಬ್ಬರೂ ಆ ಸೀಮೆಯವರು. ಬಾಸೆಲ್‌ನಲ್ಲಿ ತರಬೇತಿಗೆ ಅರ್ಜಿ ಹಾಕುವವರು ತಮ್ಮ ಬದುಕಿನ ಕಥೆ ಬರೆದುಕೊಡಬೇಕಿತ್ತು, ಅದರಲ್ಲಿ ತಮ್ಮ ಪರಿವರ್ತನೆ ಹೇಗಾಯಿತು ಅನ್ನುವುದೂ ಇರಬೇಕಿತ್ತು. ಮೊಗ್ಲಿಂಗ್ ನಮಗೆ ಮಂಗಳೂರ ಸಮಾಚಾರ ಕೊಟ್ಟರು. ಅದೇ ಮಿಷನ್‌ನ ಕಿಟೆಲ್ ನಿಘಂಟು ಕೊಟ್ಟರು. ಅದರ ಜೊತೆಗೆ "ನಿಮಗೆ ಯಾವಾಗ, ಹೇಗೆ ಆಯಿತು" ಅನ್ನುವ ಪ್ರಶ್ನೆಯೂ ನಮ್ಮ ಚರ್ಚುಗಳಿಗೆ ಆ ಹಡಗುಗಳಲ್ಲೇ ಬಂದಿದೆ ಅಂತ ನನ್ನ ಊಹೆ. ಈಗಿನ ಉಜ್ಜೀವನ ಕೂಟಗಳು ಅದನ್ನು ಮೈಕಿನಲ್ಲಿ ಕೇಳುತ್ತವೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ಲೂಥರ್ ಹೆಸರು ಹಿಡಿದು ಜನರ ಬಾಯಿ ಮುಚ್ಚಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಯಾರೋ ಅಳುತ್ತಾ ಬಂದರೆ, ಭಾವನೆ ಮುಖ್ಯ ಅಲ್ಲ, ವಾಕ್ಯ ನಂಬು ಅಂತ ಎರಡು ಮಾತಲ್ಲಿ ಕಳಿಸಿಬಿಡುವುದು. ಸಿದ್ಧಾಂತ ಸರಿ ಇದೆ, ಕೆಲಸ ಕ್ರೂರ. ಸ್ಟಾಪಿಟ್ಸ್ ಹಾಗೆ ಮಾಡಲಿಲ್ಲ, ಗಂಟೆಗಟ್ಟಲೆ ಕೂತು ಕೇಳಿದರು. ವಾಕ್ಯವನ್ನು ಹೊರಗಿನಿಂದ ಯಾರಾದರೂ ತಂದು ಕಿವಿಗೆ ಹೇಳಬೇಕು, ಅದಕ್ಕೆ ಒಬ್ಬ ಮನುಷ್ಯ ಎದುರಿಗೆ ಕೂರಬೇಕು. ತಮ್ಮ ಸಿದ್ಧಾಂತ ಎಷ್ಟು ಶುದ್ಧ ಅಂತ ನೋಡಿಕೊಂಡು ನೆಮ್ಮದಿಪಡುವವರು ಕೂಡ ಒಳಗೇ ನೋಡುತ್ತಿದ್ದಾರೆ. ಎದೆಯ ಬದಲು ತಲೆ, ಅಷ್ಟೇ.

ಮಗಳನ್ನು ವಾಸಿಮಾಡು ಅಂತ ಯೇಸುವನ್ನು ಬೇಡಿದ ಕಾನಾನ್ಯ ಹೆಂಗಸಿನ ಕಥೆಯ ಮೇಲೆ ಲೂಥರ್ ಮಾಡಿದ ಪ್ರಸಂಗದಲ್ಲಿ ಈ ಸೂಕ್ಷ್ಮ ಇದೆ. ಆಕೆಗೆ ಕೇಳಿದ್ದೆಲ್ಲ ಇಲ್ಲ ಅನ್ನುವ ಹಾಗೇ ಇತ್ತು. ಮೊದಲು ಮೌನ, ಆಮೇಲೆ ನಿರಾಕರಣೆ, ಆಮೇಲೆ ನಾಯಿ ಅನ್ನುವ ಮಾತು. ಆ ಇಲ್ಲದ ಅಡಿಯಲ್ಲಿ ಅಡಗಿದ್ದ ಹೌದನ್ನು ಆಕೆ ಹಿಡಿದಳು ಅನ್ನುತ್ತಾರೆ. ಆಕೆಗೆ ನೋವಾಗಲಿಲ್ಲ ಅಂತ ಅವರು ಹೇಳುವುದಿಲ್ಲ.

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳ ಕರ್ತನ ಭೋಜನದ ಆರಾಧನೆಯಲ್ಲಿ, ಪಾಪನಿವೇದನೆ ಆದ ಮೇಲೆ, ನಿಜವಾಗಿ ದೇವರ ಕಡೆಗೆ ತಿರುಗುವವರೆಲ್ಲರಿಗೆ ಆತನ ಕೃಪೆಯ ಮಾತು ಕೇಳಿರಿ ಅನ್ನುವ ಅರ್ಥದ ಸಾಲು ಬರುತ್ತದೆ. ಮೊದಲು ಹೇಳಿದ ಆ ಮನಸ್ಸಿನವರು ನಿಜವಾಗಿ ಅನ್ನುವಲ್ಲಿಗೆ ನಿಂತುಬಿಡುತ್ತಾರೆ. ನಾನು ನಿಜವಾಗಿ ತಿರುಗಿದ್ದೀನಾ, ಹೋದ ವಾರ ತಿರುಗಿದ್ದು ಉಳಿದಿದೆಯಾ ಅಂತ ಲೆಕ್ಕ ಹಾಕುತ್ತಾ ಇರುತ್ತಾರೆ. ಅಷ್ಟರಲ್ಲಿ ವಾಕ್ಯಗಳನ್ನು ಓದಿ ಆಗಿರುತ್ತದೆ, ಕ್ಷಮೆಯ ಘೋಷಣೆಯೂ ಮುಗಿದಿರುತ್ತದೆ, ಎಲ್ಲರೂ ಆಮೆನ್ ಅಂದಿರುತ್ತಾರೆ. ಅಯ್ಯರು, ಅಂದರೆ ನಮ್ಮ ಪಾದ್ರಿಗಳು, ಆ ಭಾಗವನ್ನು ಒಂದಿಷ್ಟು ನಿಧಾನವಾಗಿ, ಒಂದಿಷ್ಟು ಜೋರಾಗಿ ಓದಬಾರದಾ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.